‘ಮ್ಯಾಡ್ ಆಸ್ ಎ ಹ್ಯಾಟರ್’ ಲೇಖನ ಕಳ್ಸಿದವ್ರಿಗೆ

ನಮಸ್ಕಾರ. ತಲೆ ಕೆಟ್ಟಿದೆಯಾ ಅನ್ನೋ ಅರ್ಥದಲ್ಲಿ ಇಂಗ್ಲಿಷ್ನೋರು ಆಡೋ ‘ಮ್ಯಾಡ್ ಆಸ್ ಎ ಹ್ಯಾಟರ್’ ಮಾತು ಎಲ್ಲಿಂದ ಬಂತು ಅಂತ ನೀವು ಬರ್ದಿದ್ದು ಓದ್ದೆ. ಭಾಷೆ ಸಲೀಸಾಗಿದೆ, ಶ್ರಮ ಪಟ್ಟಿದೀರಿ. ಆದ್ರೆ ಮೂರು ಕಡೆ ನಂಗೆ ಸುಮ್ನಿರೋಕೆ ಆಗ್ಲಿಲ್ಲ.

ಮೊದಲ್ನೇ ಸಾಲಲ್ಲೇ ‘ಟೋಪಿ ಹಾಕುವವನಷ್ಟು ಹುಚ್ಚ’ ಅಂದಿದೀರಿ. ನಮ್ಮಲ್ಲಿ ಟೋಪಿ ಹಾಕೋನು ಅಂದ್ರೆ ಯಾರು? ಚೀಟಿ ದುಡ್ಡು ಎತ್ಕೊಂಡು ರಾತ್ರೋರಾತ್ರಿ ಊರು ಬಿಟ್ಟೋನು. ಹ್ಯಾಟರ್ ಟೋಪಿ ಮಾಡೋನು ರೀ, ಮೊಲದ ತುಪ್ಪಳಕ್ಕೆ ಪಾದರಸದ ನೈಟ್ರೇಟ್ ಸವರಿ ಫೆಲ್ಟ್ ಅನ್ನೋ ಟೋಪಿ ಬಟ್ಟೆ ಮಾಡ್ತಾ ಮಾಡ್ತಾ ಆ ಆವಿನೇ ಉಸಿರಾಡಿ ಕೈಕಾಲು ನಡುಗೋ ಸ್ಥಿತಿಗೆ ಬಂದ ಕೂಲಿಯವ್ನು. ಅಮೆರಿಕದ ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ ಆ ನಡುಕಕ್ಕೆ ‘ಡ್ಯಾನ್‌ಬರಿ ಶೇಕ್ಸ್’ ಅಂತ್ಲೇ ಹೆಸ್ರು, ಆ ದೇಶದಲ್ಲಿ ಫೆಲ್ಟ್‌ಗೆ ಪಾದರಸ ನಿಂತಿದ್ದೇ 1941ರಲ್ಲಿ. ಒಂದು ಕ್ರಿಯಾಪದ ತಪ್ಪಿ ನೀವು ಅಂಥೋನನ್ನ ಮೋಸಗಾರ ಮಾಡ್ಬಿಟ್ರಿ.

ಆಮೇಲೆ, ‘1865ರಲ್ಲಿ ಲೂಯಿಸ್ ಕ್ಯಾರಲ್ ಈ ನುಡಿಗಟ್ಟನ್ನು ಸೃಷ್ಟಿಸಿದ’. ಇಲ್ಲ. 1829ರ ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್‌ನಲ್ಲೇ ಈ ಮಾತು ಅಚ್ಚಾಗಿದೆ. ಕ್ಯಾರಲ್ ಬರ್ದ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯಲ್ಲಿ ಬರೋ ಟೋಪಿಯವನ ಹೆಸ್ರು ಬರೀ ‘ಹ್ಯಾಟರ್’, ‘ಮ್ಯಾಡ್’ ಅಂತ ತಲೆಬರಹ ಇರೋದು ಟೀ ಪಾರ್ಟಿಗೆ. ಅದರ ಮುಂದಿನ ಸಾಲು ಇನ್ನೂ ಚುಚ್ಚಿತು, ‘ಪಾದರಸವೇ ಇದರ ಮೂಲ ಎಂಬುದರಲ್ಲಿ ಸಂಶಯವಿಲ್ಲ’ ಅಂತೆ. ಸಂಶಯ ಧಾರಾಳವಾಗಿದೆ. ಪಾದರಸ ಏರಿದೋನು ನಾಚ್ಕೋತಾನೆ, ಹೆದರ್ತಾನೆ, ಜನ ಕಂಡ್ರೆ ಮುದುಡ್ಕೋತಾನೆ, ಆದ್ರೆ ಕ್ಯಾರಲ್‌ನ ಹ್ಯಾಟರ್ ಮೈಮೇಲೆ ಬಿದ್ದು ಮಾತಾಡೋ ಆಸಾಮಿ, 1983ರಲ್ಲಿ ವಾಲ್ಡ್ರನ್ ಅನ್ನೋ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಎತ್ತಿದ್ರು.

ನಾನು ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡ್ತಿದ್ದ ಹೊಸದ್ರಲ್ಲಿ ಒಂದೂರಿನ ಹೆಸರಿನ ಕಥೆ ಬರ್ದು ‘ನಿಸ್ಸಂದೇಹವಾಗಿ’ ಅಂತ ಸೇರ್ಸಿದ್ದೆ. ನಮ್ಮ ಹಿರಿಯರು ಆ ಪದಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ‘ಯಾರು ನೋಡಿದ್ರು?’ ಅಂತ ಬರ್ದು ನನ್ನ ಟೇಬಲ್ ಮೇಲಿಟ್ಟು ಹೋದ್ರು. ಮೂರು ದಿನ ಲೈಬ್ರರಿಯಲ್ಲಿ ಕೂತೆ, ಹಳೇ ಶಾಸನದಲ್ಲಿ ಆ ಊರಿನ ಹೆಸ್ರೇ ಬೇರೆ ಇತ್ತು. ಆ ಹಾಳೆ ಇವತ್ತಿಗೂ ನನ್ನ ಹತ್ರ ಇದೆ.

ನಿಮ್ಮ ನಾಲ್ಕನೇ ಪ್ಯಾರಾದಲ್ಲಿ, ಹೊಸಬರು ಬಂದ್ರೆ ಬಾಗಿಲ ಹಿಂದೆ ಸರಿಯೋ ಟೋಪಿ ಕೆಲಸಗಾರ ಒಬ್ಬ ಇದಾನಲ್ಲ, ಅವನಿಂದ ಶುರು ಮಾಡಿ ಮತ್ತೆ ಕಳ್ಸಿ. ನಾನೇ ಓದ್ತೀನಿ.