ಮರ್ಡರ್‌ಡಾಲ್ಸ್‌ನಲ್ಲಿ ಸ್ಲಿಪ್‌ನಾಟ್ ಹುಡುಕಬೇಡಿ
ಮೆಟಲ್ ಬ್ಯಾಂಡ್ ಸ್ಲಿಪ್‌ನಾಟ್‌ನ ಡ್ರಮ್ಮರ್ ಇದ್ದ ಬ್ಯಾಂಡ್ ಅಂತ ಮರ್ಡರ್‌ಡಾಲ್ಸ್ ಕೇಳಿದೆ, ತಮಾಷೆ ಥರ ಇದೆ, ಇದು ನಿಜಕ್ಕೂ ಮೆಟಲ್ಲಾ ಅಂತ ಕೇಳಿದ್ದೀರಿ. ಅರ್ಧ ಮಾತ್ರ ಮೆಟಲ್, ಅಂದರೆ ಭಾರದ ಸದ್ದಿನ ರಾಕ್. ಉಳಿದರ್ಧ ಪಂಕ್, ಅಂದರೆ ವೇಗದ, ಒರಟು, ಸರಳ ರಾಕ್; ಮೇಲೆ ಗ್ಲಾಮ್ ರಾಕ್‌ನ ಝಗಮಗ ಮೇಕಪ್ಪು.

ಆ ಡ್ರಮ್ಮರ್ ಜೋಯಿ ಜಾರ್ಡಿಸನ್ ಇಲ್ಲಿ ಮುಖ್ಯವಾಗಿ ಗಿಟಾರ್ ನುಡಿಸುತ್ತಿದ್ದರು. ಅಲ್ಲೇ ಅರ್ಧ ಉತ್ತರ ಸಿಗುತ್ತದೆ. ಬ್ಯಾಂಡಿನ ಬುದ್ಧಿ ಬಹುಪಾಲು ಗಾಯಕ ವೆಡ್ನೆಸ್‌ಡೇ 13 ಅವರದ್ದು. ಅಮೆರಿಕದ ಉತ್ತರ ಕೆರೊಲಿನಾದ ಈ ಮನುಷ್ಯ ಅದಕ್ಕೂ ಮೊದಲೇ ಇನ್ನೊಂದು ಹಾರರ್ ಪಂಕ್ (ದೆವ್ವ-ಭೂತದ ಹಾಡುಗಳ ಪಂಕ್) ಬ್ಯಾಂಡ್ ನಡೆಸುತ್ತಿದ್ದರು. 2002ರ ಮೊದಲ ಆಲ್ಬಮ್‌ನ ಹಲವು ಹಾಡು ಅಲ್ಲಿಂದಲೇ ಬಂದವು.

ಹಳೇ ದೆವ್ವದ ಸಿನಿಮಾ, ಸ್ಮಶಾನ, ಹೆಣ, ಎಲ್ಲವೂ ಇವೆ. ಆದರೆ ಹೆದರಿಸೋದು ಉದ್ದೇಶವಲ್ಲ. ರಾಕ್ ಗಾಯಕ ಆಲಿಸ್ ಕೂಪರ್ ವೇದಿಕೆಯ ಮೇಲೆ ತಲೆ ಕಡಿಯುವ ಗಿಲೊಟಿನ್ ತಂದರಲ್ಲ, ಆ ಜಾತ್ರೆಯ ಮಜಾ ಇದು. ಹಾರರ್ ಪಂಕ್ ಬ್ಯಾಂಡ್ ಮಿಸ್‌ಫಿಟ್ಸ್‌ನಿಂದ ಎಲ್ಲರೂ ಒಟ್ಟಿಗೆ ಕೂಗುವ ಪಲ್ಲವಿ, ಗ್ಲಾಮ್ ಮೆಟಲ್ ಬ್ಯಾಂಡ್ ಮೋಟ್ಲಿ ಕ್ರೂನಿಂದ ಲಿಪ್‌ಸ್ಟಿಕ್ಕು. ಪದಗಳು ಪೋಲಿ, ರಾಗ ಮಾತ್ರ ಸಖತ್ ಸಿಹಿ. ಒಮ್ಮೆ ಕೇಳಿದರೆ ಸಾಕು, ದಿನವಿಡೀ ಗುನುಗುತ್ತೀರಿ (ಆಫೀಸಿನಲ್ಲಿ ಹುಷಾರು!).

ನಿಮಗೆ ಭಾರದ ಸದ್ದೇ ಬೇಕಿದ್ದರೆ 2010ರ ಎರಡನೇ ಆಲ್ಬಮ್ ಕೇಳಿ. ಅದು ಜಾಸ್ತಿ ಮೆಟಲ್. ಮೋಟ್ಲಿ ಕ್ರೂನ ಮಿಕ್ ಮಾರ್ಸ್ ಕೂಡ ಅದರಲ್ಲಿ ಗಿಟಾರ್ ನುಡಿಸಿದ್ದಾರೆ. ನನಗಂತೂ ಮೊದಲನೆಯದೇ ಇಷ್ಟ. ಮೂರನೆಯದು ಬರಲೇ ಇಲ್ಲ, ಜಾರ್ಡಿಸನ್ 2021ರಲ್ಲಿ ತೀರಿಕೊಂಡರು. ವೆಡ್ನೆಸ್‌ಡೇ 13 ತಮ್ಮದೇ ಹೆಸರಿನ ಬ್ಯಾಂಡ್‌ನಲ್ಲಿ ಈ ಹಾಡುಗಳನ್ನು ಹಾಡುತ್ತಿದ್ದಾರೆ.