ಬಳಕೆ ಅಷ್ಟೇ ಇದ್ದರೂ ವರ್ಜೀನಿಯಾದಲ್ಲಿ ಕರೆಂಟ್ ಬಿಲ್ ಏರಿದ್ದೇಕೆ?

ನಿಮಗೆ ಕರೆಂಟ್ ಕೊಡುವ ಡೊಮಿನಿಯನ್ ಕಂಪನಿಯ ಬಿಲ್ ಏರಲು ಬಹುಶಃ ‘ರೈಡರ್’ ಎಂಬ ಹೆಚ್ಚುವರಿ ಶುಲ್ಕಗಳೇ ಕಾರಣ. ವರ್ಜೀನಿಯಾ ರಾಜ್ಯದ 2020ರ ಕ್ಲೀನ್ ಎಕಾನಮಿ ಕಾಯ್ದೆಯಂತೆ ಕಂಪನಿ 2045ರೊಳಗೆ ಇಂಗಾಲಮುಕ್ತ ವಿದ್ಯುತ್ತಿಗೆ ಬದಲಾಗಬೇಕು. ಅದರ ವೆಚ್ಚ ಹೀಗೆ ಗ್ರಾಹಕರ ಮೇಲೆ ಬೀಳುತ್ತದೆ. ಆದರೂ ಬಿಲ್ ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಹೋದ ವರ್ಷದ ಇದೇ ತಿಂಗಳ ಬಿಲ್ ಪಕ್ಕಕ್ಕಿಟ್ಟುಕೊಂಡು ಯೂನಿಟ್‌ಗಳನ್ನು ಹೋಲಿಸಿ. ಆಮೇಲೆ ‘ಫ್ಯೂಯೆಲ್’ ಸಾಲು ನೋಡಿ. ಏರಿದ್ದು ಅದೇ ಆದರೆ ಕಾರಣ ಇಂಧನದ ಬೆಲೆ, ಈ ಕಾಯ್ದೆಯಲ್ಲ. ಎರಡನ್ನೂ ಒಂದೇ ಎಂದು ದೂರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕುಟುಂಬದ ಆದಾಯ ಫೆಡರಲ್ ಬಡತನ ರೇಖೆಯ ಶೇ 150ರೊಳಗಿದ್ದರೆ ತಡಮಾಡದೆ ಸ್ಥಳೀಯ ಸಮಾಜ ಸೇವಾ ಕಚೇರಿಯಲ್ಲಿ ಬಿಲ್ಲಿಗೆ ಆದಾಯದ ಲೆಕ್ಕದಲ್ಲಿ ಮಿತಿ ಹಾಕುವ ‘ಪಿಪ್’ (PIPP) ಯೋಜನೆಗೆ ಅರ್ಜಿ ಹಾಕಿ. ಅದನ್ನು ತಂದದ್ದೂ ಇದೇ ಕಾಯ್ದೆ. ಬಿಲ್ ಆದಾಯದ ಶೇ 6ನ್ನು ಮೀರುವುದಿಲ್ಲ. ಮನೆ ಬೆಚ್ಚಗಿಡಲೂ ವಿದ್ಯುತ್ತನ್ನೇ ಬಳಸುವವರಿಗೆ ಶೇ 10.