ಓದುಗರ ಪ್ರಶ್ನೆ: ಫ್ರೆಂಚ್‌ಗೂ ಇತಿಹಾಸಕ್ಕೂ ಏನು ಸಂಬಂಧ?

ಪ್ರಶ್ನೆ: ಮೇಡಂ, ನನ್ನ ಮಗಳು ದ್ವಿತೀಯ ಪಿಯುಸಿ, ಕಲಾ ವಿಭಾಗ. ಇತಿಹಾಸ ಅಂದರೆ ಪ್ರಾಣ ಬಿಡುತ್ತಾಳೆ. ಈಚೆಗೆ ಮೊಬೈಲಿನಲ್ಲಿ ಫ್ರೆಂಚ್ ಕಲಿಯಲು ಶುರು ಮಾಡಿದ್ದಾಳೆ, ಮುಂದೆ ಎರಡನ್ನೂ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮ ಮನೆಯವರು ‘ಇತಿಹಾಸ ಓದಿ ಕೆಎಎಸ್ ಬರೀಲಿ, ಫ್ರೆಂಚ್ ಯಾತಕ್ಕೆ? ಅದಕ್ಕೂ ಇದಕ್ಕೂ ಏನು ಸಂಬಂಧ?’ ಅನ್ನುತ್ತಾರೆ. ನಮ್ಮೂರಲ್ಲಿ ಫ್ರೆಂಚ್ ಹೇಳಿಕೊಡುವವರೂ ಸಿಗಲಿಲ್ಲ. ಏನು ಮಾಡುವುದು?
— ತಾಯಿ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರು ಕೇಳಿರುವುದು ಸರಿಯಾದ ಪ್ರಶ್ನೆ. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಪ್ಯಾರಿಸ್ಸಿಗೆ ಹೋಗುವುದು ಬೇಡಮ್ಮ, ಶ್ರೀರಂಗಪಟ್ಟಣಕ್ಕೆ ಬನ್ನಿ.

ಹೈದರನ ಕಾಲದಿಂದಲೂ ಮೈಸೂರಿನ ಸೈನ್ಯದಲ್ಲಿ ಫ್ರೆಂಚರಿದ್ದರು. 1788ರಲ್ಲಿ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು ಟೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತರು. ಅವರಲ್ಲೊಬ್ಬ ಮುಹಮ್ಮದ್ ದರ್ವೇಶ್ ಖಾನ್. ರಾಣಿಯ ಚಿತ್ರಗಳನ್ನು ಬರೆಯುತ್ತಿದ್ದ ವಿಜೆ ಲ ಬ್ರನ್ ಎಂಬಾಕೆ ಅವನ ಆಳೆತ್ತರದ ಚಿತ್ರವನ್ನೂ ಬರೆದಳು. ಇಂಗ್ಲಿಷರ ವಿರುದ್ಧ ಒಪ್ಪಂದವಾಗಲಿ, ಕುಶಲಕರ್ಮಿಗಳು ಬರಲಿ ಎಂದು ಟಿಪ್ಪು ಕೇಳಿದ್ದ. ಕುಶಲಕರ್ಮಿಗಳು ಬಂದರು, ಒಪ್ಪಂದ ಆಗಲಿಲ್ಲ. ಫ್ರಾನ್ಸಿನ ಬೊಕ್ಕಸ ಬರಿದಾಗಿತ್ತು, ಮರುವರ್ಷವೇ ಕ್ರಾಂತಿ.

ಹತ್ತು ವರ್ಷ ಕಳೆದು, 1798ರ ಜನವರಿಯಲ್ಲಿ ಟಿಪ್ಪುವಿನ ದೂತರು ಮಾರಿಷಸ್ ತಲುಪಿದರು. ಗುಟ್ಟಾಗಿ ನಡೆಯಬೇಕಾದ ಕೆಲಸ. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಮಾತ್ರ ‘ಟಿಪ್ಪುವಿನ ಪರ ಹೋರಾಡುವವರು ಮುಂದೆ ಬನ್ನಿ’ ಎಂದು ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ಮಂಗಳೂರಿಗೆ ಬಂದಿಳಿದವರು ನೂರರಷ್ಟು ಜನ. ಆದರೆ ಆ ಪ್ರಕಟಣೆಯ ಪ್ರತಿ ಕಲ್ಕತ್ತೆಗೆ ಹೋಗಿ ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈ ಸೇರಿತು. 1799ರ ಯುದ್ಧಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಆ ಫ್ರೆಂಚ್ ಕಾಗದವೇ ಮುಂದಿತ್ತು.

ಇನ್ನೂ ಒಂದು ಸಂಗತಿ. ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು 1797ರಲ್ಲಿ ಫ್ರಾನ್ಸಿನ ಕ್ರಾಂತಿಕಾರಿಗಳ ಮಾದರಿಯ ಜಾಕೋಬಿನ್ ಸಂಘ ಕಟ್ಟಿ, ಕ್ರಾಂತಿಯ ಗುರುತಾದ ಸ್ವಾತಂತ್ರ್ಯದ ಮರ ನೆಟ್ಟರು ಎಂದು ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ. ಇದಕ್ಕೆ ಆಧಾರ, ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕವೆಂದು ಗೆದ್ದವರೇ ಹೇಳಿ, ಗೆದ್ದವರೇ ಅಚ್ಚು ಹಾಕಿಸಿದ ಫ್ರೆಂಚ್ ಕಾಗದಗಳು. ಅವನ್ನು ಎಷ್ಟು ನಂಬಬಹುದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. ಆ ಫ್ರೆಂಚ್ ಯಾರು ಬರೆದದ್ದು, ಆ ಕಾಲದ ಸಿಪಾಯಿಗಳು ಹಾಗೆ ಬರೆಯುತ್ತಿದ್ದರೇ, ದಿನಾಂಕ ಹೊಂದುತ್ತದೆಯೇ ಎಂದು ಕೇಳಬೇಕಾದವರು ಯಾರು? ಕನ್ನಡ, ಪರ್ಷಿಯನ್ ಬಲ್ಲವರು ನಮ್ಮಲ್ಲಿದ್ದಾರೆ. ಫ್ರೆಂಚ್ ಓದಬಲ್ಲ ಕನ್ನಡದ ಇತಿಹಾಸಕಾರರು ತೀರಾ ಕಡಿಮೆ. ನಮ್ಮ ನಾಡಿನ ಕಥೆಯ ಒಂದು ಭಾಗವನ್ನು ನಾವು ಇಂಗ್ಲಿಷಿನವರ ಬಾಯಲ್ಲೇ ಕೇಳುತ್ತಾ ಬಂದಿದ್ದೇವೆ ಎಂಬ ಸಂಕಟ ನನಗೆ ಮೊದಲಿನಿಂದಲೂ ಇದೆ. ನಿಮ್ಮ ಮಗಳ ಹಟ ನನಗೆ ಸಂತೋಷ ಕೊಟ್ಟಿದ್ದು ಅದಕ್ಕೇ.

ಈಗ ಓದಿನ ವಿಚಾರ. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಬಿ.ಎ.ಗೆ ಫ್ರೆಂಚನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಅಷ್ಟರಿಂದಲೇ ಹಳೆಯ ಕಾಗದ ಓದಲು ಬರುತ್ತದೆ ಎಂದುಕೊಳ್ಳಬೇಡಿ, ಅಂಕ ಬರುತ್ತದೆ ಅಷ್ಟೆ. ಜೊತೆಯಲ್ಲೇ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ಕ್ರಮವಾಗಿ ಕಲಿತು ಪರೀಕ್ಷೆ ಕಟ್ಟಬೇಕು. ಎ1ರಿಂದ ಸಿ2ವರೆಗೆ ಆರು ಹಂತಗಳಿವೆ. ನಾಲ್ಕನೆಯದಾದ ಬಿ2 ಮುಗಿಸಿದವರು ಪುಸ್ತಕಕ್ಕೆ ಕೈ ಹಾಕಬಹುದು. ಫ್ರಾನ್ಸಿನ ವಿಶ್ವವಿದ್ಯಾಲಯಗಳು ಪದವಿಗೆ ಸೇರಲು ಸಾಮಾನ್ಯವಾಗಿ ಕೇಳುವುದೂ ಬಿ2 ಮಟ್ಟವನ್ನೇ. ಬಿ2ವರೆಗಿನ ಹಂತಗಳಿಗೆ ನಡೆಯುವ ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ಒಂದೊಂದಕ್ಕೆ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರುವಂತಿಲ್ಲ. ನಮ್ಮ ಮಕ್ಕಳು ಎಡವುವುದು ಕೇಳುವುದರಲ್ಲಿ. ಆದ್ದರಿಂದ ಈಗಿನಿಂದಲೇ ದಿನಾ ಫ್ರೆಂಚ್ ರೇಡಿಯೊ ಕೇಳಲಿ, ಅರ್ಥವಾಗದಿದ್ದರೂ ಚಿಂತೆಯಿಲ್ಲ.

ಮನೆ ಬಿಟ್ಟು ಹೊರಗೆ ಕಳಿಸಲು ನೀವು ಸಿದ್ಧರಿದ್ದರೆ ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಎರಡರಲ್ಲೂ ಫ್ರೆಂಚ್ ಬಿ.ಎ. ಆನರ್ಸ್ ಇದೆ. ನನ್ನನ್ನು ಕೇಳಿದರೆ ಈ ದಾರಿಯೇ ಮೇಲು: ಮೊದಲು ಫ್ರೆಂಚಿನಲ್ಲಿ ಪದವಿ, ಆಮೇಲೆ ಇತಿಹಾಸದಲ್ಲಿ ಎಂ.ಎ. ಇತಿಹಾಸವನ್ನು ಮನೆಯಲ್ಲಿ ಕೂತೂ ಓದಬಹುದು, ಭಾಷೆಗೆ ಮೇಷ್ಟ್ರು ಬೇಕು, ತಿದ್ದುವವರು ಬೇಕು. ಪ್ರವೇಶದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ.

ಹೊಟ್ಟೆಪಾಡಿನ ಮಾತನ್ನೂ ಮುಚ್ಚಿಡುವುದಿಲ್ಲ. ಬರೀ ಇತಿಹಾಸದ ಪದವಿಗೆ ಕೆಲಸ ಸಿಗುವುದು ನಿಧಾನ. ಫ್ರೆಂಚ್ ಬಿ2 ಇದ್ದವರನ್ನು ಬೆಂಗಳೂರಿನ ಕಂಪನಿಗಳು ಲೆಕ್ಕಪತ್ರ, ಗ್ರಾಹಕ ಸೇವೆ, ಅನುವಾದದ ಕೆಲಸಗಳಿಗೆ ತೆಗೆದುಕೊಳ್ಳುತ್ತವೆ. ಫ್ರೆಂಚ್ ಟೀಚರ್ ಬೇಕು ಎನ್ನುವ ಶಾಲೆಗಳೂ ಇವೆ. ಕೆಎಎಸ್ ಬಾಗಿಲು ಯಾವ ಪದವೀಧರರಿಗೂ ಮುಚ್ಚಿಲ್ಲ, ಅದನ್ನು ಅವರಪ್ಪನಿಗೆ ಹೇಳಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿರುವ ಹಾಸನದವರು. ಮಗ ನಮ್ಮ ಪಿಯುಸಿಯಂಥ ಎ-ಲೆವೆಲ್‌ನಲ್ಲಿ ಫ್ರೆಂಚ್, ಇತಿಹಾಸ ಎರಡನ್ನೂ ಓದಿದ್ದಾನೆ. ಈಗ ಎರಡೂ ಸೇರಿದ ಪದವಿಗೆ ಸೀಟು ಸಿಕ್ಕಿದೆ. ನಾಲ್ಕು ವರ್ಷದ ಕೋರ್ಸು, ಮೂರನೇ ವರ್ಷ ಫ್ರಾನ್ಸಿನಲ್ಲಿ ಇರಬೇಕಂತೆ. ಆ ವರ್ಷ ದಂಡವಲ್ಲವೇ?
— ತಂದೆ, ಲೀಡ್ಸ್

ಉತ್ತರ: ಇಡೀ ಕೋರ್ಸಿನಲ್ಲಿ ಬಿಡಬಾರದ ವರ್ಷ ಅದೇ ಸಾರ್. ಖರ್ಚಿನ ಲೆಕ್ಕ ಮೊದಲು: ಇಂಗ್ಲೆಂಡಿನ ನಿವಾಸಿ ವಿದ್ಯಾರ್ಥಿಗಳಿಗೆ ಆ ವರ್ಷ ವಿಶ್ವವಿದ್ಯಾಲಯ ಪೂರ್ತಿ ಶುಲ್ಕದ ಶೇ 15ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಫ್ರಾನ್ಸಿನ ವಿಶ್ವವಿದ್ಯಾಲಯದಲ್ಲಿ ಓದಬಹುದು, ಇಲ್ಲವೇ ಬ್ರಿಟಿಷ್ ಕೌನ್ಸಿಲ್ ಮೂಲಕ ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕನಾಗಿ ವಾರಕ್ಕೆ 12 ಗಂಟೆ ಕೆಲಸ ಮಾಡಿ ಸಂಬಳ ಪಡೆಯಬಹುದು. ಮಗನದು ಬ್ರಿಟಿಷ್ ಪಾಸ್‌ಪೋರ್ಟ್ ಆಗಿದ್ದರೂ 90 ದಿನ ಮೀರಿ ಇರಲು ಈಗ ವೀಸಾ ಬೇಕು. ಆ ಕೆಲಸವನ್ನು ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಪ್ಯಾರಿಸ್ ಬೇಡ, ಸಣ್ಣ ಊರು ಆರಿಸಿಕೊಳ್ಳಲಿ. ಪ್ಯಾರಿಸ್ಸಿನಲ್ಲಿ ಇಂಗ್ಲಿಷಿನಲ್ಲೇ ದಿನ ದೂಡಿಬಿಡಬಹುದು. ಅಲ್ಲದೆ ಫ್ರಾನ್ಸಿನ ಪ್ರತಿ ಜಿಲ್ಲೆಗೂ ತನ್ನದೇ ದಾಖಲೆ ಭಂಡಾರವಿದೆ, ಕ್ರಾಂತಿಯ ಕಾಲದಲ್ಲಿ, 1796ರಲ್ಲಿ, ಆದ ವ್ಯವಸ್ಥೆ ಅದು. ಯಾರು ಬೇಕಾದರೂ ಹೋಗಿ ಹೆಸರು ಬರೆಸಿ, ಕಾಸು ಕೊಡದೆ ಓದಬಹುದು. 1789ರ ವಸಂತದಲ್ಲಿ ಹಳ್ಳಿ ಹಳ್ಳಿಯವರೂ ದೊರೆಗೆ ಬರೆದುಕೊಟ್ಟ ಅಹವಾಲುಗಳನ್ನು ಕೇಳಿ ಪಡೆಯಲಿ. ನಾನು ಪಾಠ ಮಾಡುವಾಗ ಮೊದಲು ಕೈಗೆ ಕೊಡುತ್ತಿದ್ದದ್ದು ಅವನ್ನೇ. ಉಪ್ಪಿನ ಮೇಲಿನ ತೆರಿಗೆ ತಾಳಲಾರೆವು, ಜಮೀನ್ದಾರನ ಪಾರಿವಾಳಗಳು ಬಿತ್ತಿದ ಕಾಳು ತಿಂದುಹೋಗುತ್ತವೆ, ಹೊಡೆಯುವ ಹಕ್ಕು ನಮಗಿಲ್ಲ. ರೈತರ ಮನೆಯಿಂದ ಬಂದ ನನ್ನ ಹುಡುಗರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ವ್ಯಾಕರಣದಲ್ಲಿ ತಿಣುಕುತ್ತಿದ್ದವರೂ ಪಾರಿವಾಳದ ಸಾಲು ಬಂದಾಗ ತಲೆಯೆತ್ತಿ ಕೂರುತ್ತಿದ್ದರು.

ಪ್ರಶ್ನೆ: ಮೈಸೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. ಫ್ರೆಂಚ್ ಈಗ ಶುರು ಮಾಡಿದರೆ ತಡವಾಯಿತೇ? ಮೂಲ ದಾಖಲೆಗಳು ಎಲ್ಲಿ ಸಿಗುತ್ತವೆ?
— ವಿದ್ಯಾರ್ಥಿ

ಉತ್ತರ: ತಡವೇನಿಲ್ಲಪ್ಪ. ನಾನೂ ಎಂ.ಎ. ಆದ ಮೇಲೆಯೇ ಕಲಿತದ್ದು. ನಿನಗೆ ಸದ್ಯಕ್ಕೆ ಬೇಕಾದದ್ದು ಓದುವ ಫ್ರೆಂಚ್. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ಜಾಲತಾಣ ತೆರೆ, ಹಳೆಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಹೈದರನ ಬಳಿ ಇದ್ದ ಮೇಸ್ತ್ರ್ ದ ಲಾ ತೂರ್ 1783ರಲ್ಲಿ ಅಚ್ಚು ಹಾಕಿಸಿದ ಹೈದರ್ ಚರಿತ್ರೆಯಿಂದ ಶುರು ಮಾಡು. ಇಂಗ್ಲಿಷ್ ಅನುವಾದವೂ ಇದೆ, ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸು. ಮೊದಲು ಕಣ್ಣಿಗೆ ತೊಡಕಾಗುವುದು ಅಕ್ಷರ: ಆಗಿನ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಉದ್ದವಾಗಿ ‘ಎಫ್’ನಂತೆ ಕಾಣುತ್ತದೆ. ಈಗ ‘ಎ-ಐ’ ಬರೆಯುವ ಭೂತಕಾಲದ ಕ್ರಿಯಾಪದಗಳಲ್ಲಿ ಆಗ ‘ಓ-ಐ’ ಬರೆಯುತ್ತಿದ್ದರು, ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕ್ರಾಂತಿಯ ನಂತರದ ಕಾಗದಗಳಲ್ಲಿ ತಿಂಗಳ ಹೆಸರೇ ಬೇರೆ, ವರ್ಷದ ಎಣಿಕೆಯೂ ಬೇರೆ: ಎರಡನೇ ವರ್ಷದ 9 ಥರ್ಮಿಡಾರ್ ಎಂದರೆ 1794ರ ಜುಲೈ 27. ಹೊಂದಿಸಿ ನೋಡುವ ಪಟ್ಟಿಯೊಂದನ್ನು ನೋಟ್‌ಬುಕ್ಕಿಗೆ ಅಂಟಿಸಿಕೊ.

ಕೈಬರಹಕ್ಕೆ ಆಮೇಲೆ ಬಾ. ಪುದುಚೇರಿಯಲ್ಲಿ 1955ರಿಂದ ಇರುವ ಫ್ರೆಂಚ್ ಸಂಸ್ಥೆಯ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬಾ. ಫ್ರೆಂಚರ ಭಾರತ ವ್ಯವಹಾರದ ದೊಡ್ಡ ಕಡತಗಳು ಬಹುಪಾಲು ಫ್ರಾನ್ಸಿನ ಎಕ್ಸ್-ಆಂ-ಪ್ರೊವಾಂಸ್ ಊರಿನ ಸಾಗರೋತ್ತರ ದಾಖಲೆ ಭಂಡಾರದಲ್ಲಿವೆ. ಪಿಎಚ್‌ಡಿಗೆ ಮೈಸೂರು–ಫ್ರೆಂಚ್ ಸಂಬಂಧವನ್ನೇ ಎತ್ತಿಕೊಳ್ಳುವೆಯಾದರೆ ಮತ್ತೆ ಪತ್ರ ಬರೆ, ಯಾವ ಕಟ್ಟಿನಿಂದ ಶುರು ಮಾಡಬೇಕು ಎಂಬುದನ್ನು ವಿವರವಾಗಿ ಬರೆಯುತ್ತೇನೆ.